ಹನ್ನೊಂದನೆಯ ದೋಸೆ ಮತ್ತು ನನ್ನ ಐವತ್ತರ ಲೆನ್ಸು

ಸಲಹೆ ಕೊಡುವುದಕ್ಕೆ ವಸ್ತು ಬೇಕಾಗಿಲ್ಲ, ಬಾಯಿ ಇದ್ದರೆ ಸಾಕು ಎಂಬುದನ್ನು ನಾನು ಬಹಳ ಬೇಗ ಕಂಡುಕೊಂಡವನು. ಸ್ವಂತದ್ದೊಂದು ಕ್ಯಾಮೆರಾ ನನ್ನ ಕೈಗೆ ಬರುವ ಮುಂಚೆ ನಾಲ್ಕು ವರ್ಷ ನಾನು ಕ್ಯಾಮೆರಾ ಸಲಹೆಗಾರನಾಗಿದ್ದೆ. ಯಾರಾದರೂ ಮಗುವಿನ ನಾಮಕರಣಕ್ಕೆಂದು ಕ್ಯಾಮೆರಾ ಕೊಳ್ಳಲು ಹೊರಟರೆ ಅವರನ್ನು ತಡೆದು ನಿಲ್ಲಿಸಿ, "ಮೆಗಾಪಿಕ್ಸೆಲ್ ನೋಡಿ ಮೋಸ ಹೋಗಬೇಡಿ, ಸೆನ್ಸರ್ ನೋಡಿ" ಎನ್ನುತ್ತಿದ್ದೆ. ಸೆನ್ಸರ್ ಅಂದರೇನು ಎಂದು ಅವರು ಕೇಳುತ್ತಿರಲಿಲ್ಲ. ಕೇಳದೆ ನನ್ನ ಮಾನ ಕಾಪಾಡಿದ ಆ ಎಲ್ಲ ಪುಣ್ಯಾತ್ಮರಿಗೂ ನಾನು ಋಣಿ.

ಈ ಚಟಕ್ಕೆ ನನ್ನ ನೌಕರಿಯೂ ಸ್ವಲ್ಪ ಕಾರಣ. ಮರಾಠಿ ನಾಡಿನ ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ವಿಭಾಗದವನು. ಇನ್ನೊಬ್ಬರು ಬೆವರು ಸುರಿಸಿ ಮಾಡಿದ ಬಿಡಿಭಾಗವನ್ನು ಅಳೆದು ನೋಡಿ, ತಲೆ ಅಲ್ಲಾಡಿಸಿ, ಕೆಂಪು ಡಬ್ಬಕ್ಕೆ ಹಾಕುವುದು ನನ್ನ ಕೆಲಸ. ಸಂಬಳವಿಲ್ಲದ ಇನ್ನೊಂದು ಕೆಲಸವೂ ಇದೆ. ಅದು ಅಣಕ. ನಮ್ಮ ಮ್ಯಾನೇಜರು ಬಯ್ಯುವ ಮುಂಚೆ ಕೆಮ್ಮುವ ಎರಡು ಕೆಮ್ಮು, ನಮ್ಮವ್ವ ಹುಬ್ಬಳ್ಳಿ ಕನ್ನಡಕ್ಕೆ ಮರಾಠಿ ಬಾಲ ಅಂಟಿಸಿ ಕೊತ್ತಂಬರಿ ಚೌಕಾಸಿ ಮಾಡುವುದು, ಮೈಸೂರಿನಿಂದ ಬಂದ, ನಮ್ಮದೇ ಕಾರ್ಖಾನೆಯ ಗೆಳೆಯ ಕಾರ್ತಿಕ ಉಸಿರಿಗೊಮ್ಮೆ "ಮಗಾ" ಎನ್ನುವುದು, ಎಲ್ಲವೂ ನನ್ನ ಗಂಟಲಲ್ಲಿವೆ. ಆದರೆ ನಮ್ಮ ಕ್ಯಾಂಟೀನಿನಲ್ಲಿ ಅತಿ ಹೆಚ್ಚು ಬೇಡಿಕೆಯಿದ್ದದ್ದು ಸದಾಶಿವ ಶೆಟ್ರ ಅಣಕಕ್ಕೆ. ಕಾರ್ಖಾನೆಯ ಹಿಂದಿನ ರಸ್ತೆಯಲ್ಲಿ ಅವರ ಹೋಟೆಲು. ಸಾಂಬಾರಿನ ಎರಡು ಹನಿಯನ್ನು ಅಂಗೈಗೆ ಹಾಕಿಕೊಂಡು, ನೆಕ್ಕಿ, ತೀರ್ಪು ಮೇಲಿನಿಂದ ಬರಬೇಕೆನ್ನುವಂತೆ ಸೀಲಿಂಗ್ ಫ್ಯಾನನ್ನೇ ದಿಟ್ಟಿಸಿ, ಕೊನೆಗೆ "ಉಪ್ಪು ಉಂಟು" ಎನ್ನುವುದು ಅವರ ಪದ್ಧತಿ. ನಾನದನ್ನು ಮಾಡಿದರೆ ಜನ ಟೇಬಲ್ ಬಡಿದು ನಗುತ್ತಿದ್ದರು.

ಕೊನೆಗೊಂದು ದಿನ ಕ್ಯಾಮೆರಾ ಕೊಂಡೇ ಬಿಟ್ಟೆ. ಹುಚ್ಚು ಹಚ್ಚಿದವನು ಕಾರ್ತಿಕ. "ಮಗಾ, ಬಾಡಿ ಯಾವ್ದಾದ್ರೂ ನಡಿಯತ್ತೆ ಕಣೋ, ಲೆನ್ಸ್ ಮೇಲೆ ಇನ್ವೆಸ್ಟ್ ಮಾಡು. ಕಿಟ್ ಲೆನ್ಸ್ ಇಟ್ಕೊಂಡಿರೋರನ್ನ ಯಾರೂ ಸೀರಿಯಸ್ಸಾಗಿ ತಗೊಳಲ್ಲ" ಎಂದ. ನನ್ನನ್ನು ಈ ಮೊದಲೂ ಯಾರೂ ಸೀರಿಯಸ್ಸಾಗಿ ತೆಗೆದುಕೊಂಡವರಿಲ್ಲ. ಆದರೂ ಕ್ಯಾಮೆರಾದ ಜೊತೆಗೇ ಬಂದಿದ್ದ ಹದಿನೆಂಟು-ಐವತ್ತೈದು ಮಿಲಿಮೀಟರಿನ ಜೂಮ್ ಲೆನ್ಸನ್ನು, ಮದುವೆಮನೆಗೆ ಕರೆಯದೆ ಬಂದ ನೆಂಟನಂತೆ ಪಕ್ಕಕ್ಕೆ ಸರಿಸಿ, ಐವತ್ತರ ಒಂದು ಹೊಸ ಲೆನ್ಸ್ ಹಾಕಿಸಿಕೊಂಡು ಬಂದೆ. ಅದರಲ್ಲಿ ಜೂಮ್ ಇರುವುದಿಲ್ಲ. ಹತ್ತಿರ ಬೇಕಾದರೆ ನಾವೇ ಹತ್ತಿರ ಹೋಗಬೇಕು, ದೂರ ಬೇಕಾದರೆ ನಾವೇ ಹಿಂದೆ ಸರಿಯಬೇಕು. "ಕಲಾವಿದನಾಗೋಕೆ ಅದೇ ದಾರಿ ಮಗಾ" ಎಂದು ಕಾರ್ತಿಕ ಅಭಯವನ್ನೂ ಕೊಟ್ಟ.

ಹಳೆಯ ಲೆನ್ಸಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯಬಾರದೆಂದು ಅದನ್ನು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟೆ. ಅಕ್ಕಿ ತೇವ ಹೀರುತ್ತದೆ ಎಂದು ಎಲ್ಲೋ ಓದಿದ್ದೆ. ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಅವ್ವ ಕಿರುಚಿದ್ದು ಕೇಳಿತು. "ಏನ್ ಇಟ್ಟೀಯೋ ಸಂಜ್ಯಾ ಅಕ್ಕಿ ಡಬ್ಬ್ಯಾಗ! ಹುಗ್ಗಿಗೆ ಅಂತ ಕೈ ಹಾಕಿದ್ರ ಒಳಗಿಂದ ಯಾವುದೋ ಕಣ್ಣು ನನ್ನ ನೋಡಾಕತ್ತೈತಿ!" ಲೆನ್ಸನ್ನು ಹೊರಗೆ ತೆಗೆದು ನೋಡಿದರೆ ಅದರ ಸಂದಿಗೊಂದಿಯಲ್ಲೆಲ್ಲ ಅಕ್ಕಿಹಿಟ್ಟಿನ ಧೂಳು. ಉಂಗುರ ತಿರುಗಿಸಿದರೆ ಬೀಸುಕಲ್ಲಿನ ಸದ್ದು. ಆದ್ದರಿಂದ ಕ್ಯಾಮೆರಾ ಇರುವವರಿಗೆ ನನ್ನ ಮೊದಲ ಅನುಭವಸಿದ್ಧ ಸಲಹೆ: ಬಿಗಿ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬ ತನ್ನಿ, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವಂಥ ತೇವ ಹೀರುವ ಪುಟ್ಟ ಪೊಟ್ಟಣಗಳನ್ನು ಅದರಲ್ಲಿ ಹಾಕಿ. ಅಕ್ಕಿಯನ್ನು ಹುಗ್ಗಿಗೆ ಬಿಡಿ.

ಅಷ್ಟು ಹೊತ್ತಿಗೆ ಶೆಟ್ರಿಗೊಂದು ಕಷ್ಟ ಬಂದಿತ್ತು. ಅವರ ಎದುರುಗಡೆ ಹೊಸದೊಂದು ತಿಂಡಿ ಅಂಗಡಿ ಶುರುವಾಗಿ, ಅದರ ನೆತ್ತಿಯ ಮೇಲೆ ಒಂದೊಂದು ಆಳೆತ್ತರದ ಬಣ್ಣದ ಚಿತ್ರಗಳ ಬೋರ್ಡು ಹೊಳೆಯತೊಡಗಿತು. ಇಪ್ಪತ್ತು ವರ್ಷ ಶೆಟ್ರ ಹೋಟೆಲಿನಲ್ಲಿ ತಿಂದವರೂ ಬೋರ್ಡು ನೋಡುತ್ತ ನೋಡುತ್ತ ರಸ್ತೆ ದಾಟುತ್ತಿದ್ದರು. ಶೆಟ್ರೂ ಬೋರ್ಡು ಮಾಡಿಸಲು ಹೊರಟರು. ಬೋರ್ಡು ಮಾಡುವ ಕದಮ್ ಬಂದು, "ಫೋಟೋ ಕಶಾಲಾ ಶೇಟ್? ನೆಟ್‌ವರ್ ಭರಪೂರ ಡೋಸೆ ಆಹೇತ" ಎಂದು, ಫೋಟೋ ತೆಗೆಯುವುದೇಕೆ, ನೆಟ್ಟಿನಲ್ಲಿ ದೋಸೆಗೇನು ಬರ ಎನ್ನುವಂತೆ ಮೊಬೈಲಿನಲ್ಲಿ ನೂರು ದೋಸೆ ತೋರಿಸಿದ. ಶೆಟ್ರು ಒಂದೊಂದನ್ನೂ ನೋಡಿದರು. ಫ್ಯಾನನ್ನೂ ನೋಡಿದರು. ನಂತರ ನನ್ನ ಕಡೆ ತಿರುಗಿ ಹೇಳಿದರು, "ನೋಡು ಸಂಜೀವ, ಇದು ಯಾರದ್ದೋ ಕಾವಲಿಯ ದೋಸೆ. ಎದುರಿನವನ ಬೋರ್ಡಿನಲ್ಲಿ ಇರುದು ಕೂಡ ಅವನದ್ದಲ್ಲ, ತಿಂದು ನೋಡಿ ಬಂದಿದ್ದೇನೆ. ನಾನು ಹುಯ್ಯದ ದೋಸೆ ನನ್ನ ತಲೆ ಮೇಲೆ ಕೂರುದು ಬೇಡ ಮಾರಾಯ. ಬಂದವರಿಗೆ ಎಂತ ಉತ್ತರ ಕೊಡುದು?"

ಗುರುವಾರ ಸಂಜೆ ನಾಲ್ಕಕ್ಕೆ ಬರುತ್ತೇನೆ, ಅಷ್ಟರೊಳಗೆ ನಿಮ್ಮ ದೋಸೆಯ ಫೋಟೋ ಇದ್ದರೆ ಸರಿ, ಇಲ್ಲದಿದ್ದರೆ ನೆಟ್ಟಿನದೇ ಹಾಕುತ್ತೇನೆ, ಆಮೇಲೆ ಹಬ್ಬದ ಕೆಲಸ ಶುರುವಾಗುತ್ತದೆ ಎಂದು ಕದಮ್ ಕಡ್ಡಿ ಮುರಿದಂತೆ ಹೇಳಿ ಹೋದ. ಶೆಟ್ರು ಗಲ್ಲಾದ ಡ್ರಾಯರಿನಿಂದ ಊದುಬತ್ತಿ ಪೊಟ್ಟಣದ ಪಕ್ಕದಲ್ಲಿದ್ದ ಒಂದು ಪುಟ್ಟ ಬೆಳ್ಳಿಬಣ್ಣದ ಕ್ಯಾಮೆರಾ ತೆಗೆದರು. ಮಗಳು ಕಾಲೇಜು ಪ್ರವಾಸಕ್ಕೆಂದು ಕೊಂಡು, ಮೊಬೈಲು ಬಂದ ಮೇಲೆ ಬಿಟ್ಟುಹೋದದ್ದು. ಶೆಟ್ರಿಗೆ ಅದು ಸಾಕ್ಷಿ ಹಿಡಿಯುವ ಯಂತ್ರ. ತರಕಾರಿ ಮಂಡಿಯಿಂದ ಕೊಳೆತ ಟೊಮೆಟೊ ಬಂದರೆ ಒಂದು ಫೋಟೋ, ಕಪ್ಪು ಒಡೆದು ಬಂದರೆ ಒಂದು ಫೋಟೋ. "ಇದರಲ್ಲಿಯೇ ತೆಗೆಯುವನಾ?" ಎಂದರು.

ನಾನು ನಕ್ಕುಬಿಟ್ಟೆ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ. "ಶೆಟ್ರೇ, ಆ ಸಾಬೂನು ಡಬ್ಬಿಯ ಫೋಟೋ ದೊಡ್ಡದು ಮಾಡಿದರೆ ಒಡೆದು ಚೂರಾಗುತ್ತದೆ. ಗುರುವಾರ ಫ್ಯಾಕ್ಟರಿಗೆ ರಜೆ. ನಾನು ಬರುತ್ತೇನೆ" ಎಂದೆ. ಅವರು ನನ್ನನ್ನು ನಂಬಿ ಕ್ಯಾಮೆರಾ ಒಳಗಿಟ್ಟರು.

ಗುರುವಾರ ಎರಡು ಗಂಟೆಗೆ ಬೆನ್ನಿಗೊಂದು ಚೀಲ, ಹೆಗಲಿಗೊಂದು ಟ್ರೈಪಾಡು ಹೊತ್ತು ಹೋದೆ. ಶೆಟ್ರು ಅಡುಗೆಯವರನ್ನು ಪಕ್ಕಕ್ಕೆ ಕಳಿಸಿ ತಾವೇ ಲುಂಗಿ ಮೇಲೆ ಕಟ್ಟಿ ಕಾವಲಿಯ ಮುಂದೆ ನಿಂತಿದ್ದರು. ಅವರ ಪೇಪರ್ ದೋಸೆ ತಟ್ಟೆಯ ಎರಡೂ ಕಡೆ ಒಂದೊಂದು ಗೇಣು ಹೊರಗೆ ಚಾಚುತ್ತದೆ. ಬೋರ್ಡು ಅಗಲವಾಗಿರುವುದರಿಂದ ದೋಸೆ ಪೂರ್ತಿ ಬರಬೇಕು, ಬದಿಯಲ್ಲಿ ಅಕ್ಷರಕ್ಕೆ ಜಾಗವೂ ಇರಬೇಕು ಎಂದು ಕದಮ್ ಹೇಳಿದ್ದ. ಟ್ರೈಪಾಡಿನ ಮೂರು ಕಾಲು ಸಮ ಮಾಡಿ ಕಣ್ಣಿಟ್ಟು ನೋಡಿದೆ. ದೋಸೆಯ ಮಧ್ಯಭಾಗ ಮಾತ್ರ ಕಾಣಿಸಿತು. ಹಿಂದೆ ಸರಿದೆ. ಮುಕ್ಕಾಲು ದೋಸೆ ಬಂತು. ಮತ್ತೆ ಸರಿದೆ. ಬೆನ್ನಿಗೆ ಕೈತೊಳೆಯುವ ಬೇಸಿನ್ ತಾಗಿತು, ಅಂಗಿ ಒದ್ದೆಯಾಯಿತು, ಅಕ್ಷರದ ಜಾಗ ಇನ್ನೂ ಬಂದಿರಲಿಲ್ಲ. ನನ್ನ ಕ್ಯಾಮೆರಾದ ಸೆನ್ಸರು, ಎಂದರೆ ಒಳಗೆ ಚಿತ್ರ ಬೀಳುವ ಫಲಕ, ಚಿಕ್ಕದು. ಅದರ ಮೇಲೆ ಐವತ್ತರ ಲೆನ್ಸು ಹಾಕಿದರೆ ಎದುರಿನ ಕಟ್ಟಡದ ಬಾಲ್ಕನಿಯವರು ಚೆನ್ನಾಗಿ ಬರುತ್ತಾರೆ, ಎದುರಿನ ಟೇಬಲ್ಲು ಹಿಡಿಸುವುದಿಲ್ಲ. ನಾಲ್ಕು ವರ್ಷ ಸೆನ್ಸರ್ ಸೆನ್ಸರ್ ಎಂದು ಜಪಿಸಿದವನಿಗೆ ಸೆನ್ಸರ್ ಅಂದರೇನು ಎಂದು ಬೇಸಿನ್ನು ಕಲಿಸಿತು. ಆ ಇಕ್ಕಟ್ಟಿಗೆ ಬೇಕಾಗಿದ್ದದ್ದು ಹತ್ತಿರದಿಂದಲೇ ಅಗಲವಾಗಿ ಹಿಡಿಯಬಲ್ಲ, ಅಕ್ಕಿ ಡಬ್ಬದ ಹದಿನೆಂಟು-ಐವತ್ತೈದು. ಅದು ಮನೆಯಲ್ಲಿ ಕೂತು ಹಿಟ್ಟು ಬೀಸುತ್ತಿತ್ತು.

"ಆಯ್ತಾ?" ಎಂದು ಶೆಟ್ರು ಒಳಗಿನಿಂದ ಕೇಳಿದರು.

"ಒಂದ್ನಿಮಿಷ ಶೆಟ್ರೇ."

"ದೋಸೆಗೆ ಅಷ್ಟು ಆಯುಸ್ಸು ಇಲ್ಲ ಮಾರಾಯ. ಅದು ಗರಿಗರಿ ಇರುದು ಮೂರು ನಿಮಿಷ. ಆಮೇಲೆ ಅದು ಬರೀ ಬಟ್ಟೆ."

ನಿಜಕ್ಕೂ ದೋಸೆ ಅಷ್ಟರಲ್ಲಿ ತೊಟ್ಟಿಲ ಬಟ್ಟೆಯಂತೆ ಜೋತುಬಿದ್ದಿತ್ತು. "ಬಿಸಾಡುದು ಬೇಡ, ತಿನ್ನು" ಎಂದರು. ತಿಂದೆ. ಎರಡನೆಯದು ಬಂತು. ಈ ಸಲ ದೂರದ ಗೊಡವೆ ಬಿಟ್ಟು ಹತ್ತಿರ ಹೋಗಿ, ಲೆನ್ಸಿನ ಕಿಂಡಿಯನ್ನು ಪೂರ್ತಿ ಅಗಲ ಮಾಡಿ ಕಲಾತ್ಮಕವಾಗಿ ಹೊಡೆದೆ. ಫೋಟೋದಲ್ಲಿ ಚಟ್ನಿಯ ಮೇಲಿನ ಒಂದೇ ಒಂದು ಸಾಸಿವೆ ಕಾಳು ವಜ್ರದಂತೆ ಸ್ಪಷ್ಟವಾಗಿತ್ತು. ಅದರಾಚೆ ದೋಸೆ ಇದ್ದಲ್ಲಿ ಮಂಜು. ಶೆಟ್ರು ಕನ್ನಡಕ ಏರಿಸಿ ನೋಡಿ, "ಸಾಸಿವೆ ಮಾರುದಾದರೆ ಒಳ್ಳೇದುಂಟು" ಎಂದರು. ಎರಡನೆಯದನ್ನೂ ತಿಂದೆ.

ಮೂರನೆಯದರ ಹಬೆ ಗಾಜಿನ ಮೇಲೆ ಕೂತಿತು. ಒರೆಸಲು ಅಂಗಿಯ ತುದಿ ಬಳಸಿದೆ. ಅಂಗಿಯ ತುದಿಗೆ ಮೊದಲೆರಡು ದೋಸೆಗಳ ಎಣ್ಣೆ ಇತ್ತು. ನೀವು ಹೀಗೆ ಮಾಡಬೇಡಿ, ಒಂದು ಶುದ್ಧವಾದ ಮೆತ್ತನೆ ಬಟ್ಟೆಯನ್ನು ಅದಕ್ಕೆಂದೇ ಚೀಲದಲ್ಲಿಡಿ. ನಾಲ್ಕು, ಐದು, ಆರನೆಯವು ಟ್ಯೂಬ್‌ಲೈಟಿನ ಕೆಳಗೆ ಹಸಿರಾಗಿ ಬಂದವು. ಬೆಳಕಿನ ಬಣ್ಣಕ್ಕೆ ತಕ್ಕಂತೆ ಕ್ಯಾಮೆರಾವನ್ನು ಹೊಂದಿಸಬೇಕು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಆ ಬಟನ್ ಎಲ್ಲಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಏಳನೆಯದನ್ನು ಎದುರಿಗಿಟ್ಟುಕೊಂಡೇ ಕಾರ್ತಿಕನಿಗೆ ಫೋನ್ ಮಾಡಿದೆ. "ಮಗಾ, ಮೆನುನಲ್ಲಿ ನೋಡೋ" ಎಂದ. ಶೆಟ್ರು ಕೇಳಿಸಿಕೊಂಡು, "ಮೆನುವಿನಲ್ಲಿ ಉಂಟು ದೋಸೆ, ಬೋರ್ಡಿನಲ್ಲಿ ಮಾತ್ರ ಇಲ್ಲ" ಎಂದರು. ಎಂಟನೆಯದಕ್ಕೆ ಬ್ಯಾಟರಿ ಸತ್ತಿತು. ಇನ್ನೊಂದು ಬ್ಯಾಟರಿ ಇತ್ತು, ಚಾರ್ಜ್ ಇರಲಿಲ್ಲ. ಹೋಟೆಲಿನ ಮಿಕ್ಸರಿನ ಪ್ಲಗ್ಗು ಕಿತ್ತು ಚಾರ್ಜಿಗಿಟ್ಟು ಒಂಬತ್ತು, ಹತ್ತನ್ನು ಹೇಗೋ ಹೊಡೆದೆ. ಅಷ್ಟೂ ದೋಸೆ ತಣ್ಣಗಾದ ಮೇಲೆ ನನ್ನ ಹೊಟ್ಟೆ ಸೇರಿದವು.

ಮೂರೂಮುಕ್ಕಾಲಾಗಿತ್ತು. ಶೆಟ್ರು ತಮಾಷೆ ನಿಲ್ಲಿಸಿದ್ದರು. ಅವರು ಮಾತಾಡದಿದ್ದಾಗ ಅವರನ್ನು ಅಣಕಿಸಲು ಏನೂ ಸಿಗುವುದಿಲ್ಲ ಎಂದು ನನಗೆ ಅವತ್ತೇ ಗೊತ್ತಾದದ್ದು. ಗೋಡೆಯ ಗಡಿಯಾರ ನೋಡಿದರು, ರಸ್ತೆಯಾಚೆಯ ಬೋರ್ಡು ನೋಡಿದರು, "ಆಯ್ತು ಬಿಡು. ನೆಟ್ಟಿನದ್ದೇ ಹಾಕಲಿ" ಎಂದರು. ಸಾಬೂನು ಡಬ್ಬಿ ಎಂದು ನಕ್ಕವನು ನಾನು. ಮುಖ ಎಲ್ಲಿಡಲಿ ಎಂದು ತಿಳಿಯದೆ ಕಿಟಕಿ ಪಕ್ಕದ ಟೇಬಲ್ಲಿಗೆ ಹೋಗಿ ಕೂತೆ.

ಸ್ವಲ್ಪ ಹೊತ್ತಿಗೆ ಎದುರಿಗೊಂದು ತಟ್ಟೆ ಬಂದು ಕೂತಿತು. ಹನ್ನೊಂದನೆಯ ದೋಸೆ. "ಕ್ಯಾಮೆರಾ ಬದಿಗಿಡು. ಇದು ತಿನ್ನುಲಿಕ್ಕೆ. ಪಾಪ, ಮಧ್ಯಾಹ್ನದಿಂದ ಒಂದಾದರೂ ಬಿಸಿಯದ್ದು ತಿಂದಿಲ್ಲ ನೀನು" ಎಂದರು ಶೆಟ್ರು. ಬೇಡ ಎನ್ನಬೇಕಿತ್ತು. ಆದರೆ ಅದರ ಅಂಚಿನಲ್ಲಿ ಬೆಣ್ಣೆ ಇನ್ನೂ ನೊರೆಯಾಡುತ್ತಿತ್ತು. ಎರಡೂ ಕೈಯಿಂದ ಎತ್ತಿ ಒಂದು ತುದಿ ಕಚ್ಚಿದೆ. ಕರ್ ಎಂದಿತು. ಕಣ್ಣುಗಳು ತಾವಾಗಿ ಮುಚ್ಚಿಕೊಂಡವು. ಎಲ್ಲೋ ಚಿಕ್ ಎಂದು ಸದ್ದಾಯಿತು. ಕಣ್ಣು ಬಿಟ್ಟರೆ ಶೆಟ್ರ ಕೈಯಲ್ಲಿ ಸಾಬೂನು ಡಬ್ಬಿ. "ಎಂತಕ್ಕೆ ಶೆಟ್ರೇ?" ಎಂದೆ ಬಾಯಿ ತುಂಬಿಕೊಂಡು. "ಸಾಕ್ಷಿಗೆ. ರಾತ್ರಿ ಊಟ ಬೇಡ ಅಂದರೆ ನಿನ್ನ ಅಮ್ಮ ನನ್ನನ್ನು ಕೇಳುದಿಲ್ಲವಾ?"

ಕದಮ್ ನಾಲ್ಕಕ್ಕೇ ಬಂದ. ನನ್ನ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ, ಇನ್ನೂರು ಚಿತ್ರ ಒಂದೊಂದಾಗಿ ನೋಡಿದ. ಹಸಿರು ದೋಸೆ, ಮಂಜು, ಸಾಸಿವೆ. ಸಾಸಿವೆಯ ಬಳಿ ಒಂದು ಕ್ಷಣ ತಡೆದು, ನನ್ನನ್ನು ಕನಿಕರದಿಂದ ನೋಡಿ ಮುಂದೆ ಹೋದ. ಶೆಟ್ರು ಬೇರೇನೂ ತೋಚದೆ ತಮ್ಮ ಕ್ಯಾಮೆರಾದ ಕಾರ್ಡನ್ನೂ ಕೊಟ್ಟರು. ಕೊಳೆತ ಟೊಮೆಟೊ, ಕೊಳೆತ ಟೊಮೆಟೊ, ಒಡೆದ ಕಪ್ಪು, ಕೊಳೆತ ಟೊಮೆಟೊ. ಆಮೇಲೆ ಕಿಟಕಿಯ ಬಿಸಿಲಲ್ಲಿ ಹೊಳೆಯುವ ಹೊಂಬಣ್ಣದ ದೋಸೆ, ಅದನ್ನು ಕಚ್ಚಿ ಇಹಲೋಕ ಮರೆತ ಒಬ್ಬ ಮನುಷ್ಯ. "ಹಾ! ಹಾ ಫೋಟೋ ಝಕಾಸ್!" ಎಂದು ಕದಮ್ ತೊಡೆ ತಟ್ಟಿದ.

"ದೊಡ್ಡದು ಮಾಡಿದರೆ ಒಡೆಯುತ್ತದೆ" ಎಂದೆ ನಾನು, ಕೊನೆಯ ಆಸೆಯಿಂದ. ಬೋರ್ಡನ್ನು ಯಾರೂ ಮೂಗು ತಾಗಿಸಿ ನೋಡುವುದಿಲ್ಲ, ರಸ್ತೆಯಿಂದ ನೋಡುತ್ತಾರೆ, ಅಷ್ಟು ದೂರಕ್ಕೆ ಇಷ್ಟು ಮೆಗಾಪಿಕ್ಸೆಲ್ ಧಾರಾಳವಾಯಿತು ಎಂದು ಕದಮ್ ಮರಾಠಿಯಲ್ಲಿ ವಿವರಿಸಿದ. ಅಕ್ಷರಕ್ಕೆ ಜಾಗವಿಲ್ಲವಲ್ಲ ಎಂದೆ. ಇದ್ದ ಜಾಗವನ್ನೆಲ್ಲ ನಿನ್ನ ತಲೆ ತಿಂದಿದೆ, ಅಕ್ಷರ ಬೇಡ ಎಂದ. ನಾನು ಶೆಟ್ರ ಕಡೆ ನೋಡಿದೆ. ಅವರು ಫ್ಯಾನಿನ ಕಡೆ ನೋಡುತ್ತಿದ್ದರು. "ದೋಸೆ ನನ್ನದೇ ಹೌದಲ್ಲ?" ಎಂದರು. ಹೌದೆಂದೆ. "ಹಾಗಾದರೆ ಹಾಕು."

ಈಗ ಆ ರಸ್ತೆಯಲ್ಲಿ ಹೋಗುವವರಿಗೆಲ್ಲ ನಾನು ಕಾಣುತ್ತೇನೆ. ಒಂದು ಆಳೆತ್ತರದ ಮುಖ, ಮುಚ್ಚಿದ ಕಣ್ಣು, ಕೋಟೆ ಬಾಗಿಲಿನಂಥ ಬಾಯಿ. ಕ್ವಾಲಿಟಿಯವನಾಗಿ ಪರೀಕ್ಷಿಸಿ ಹೇಳುವುದಾದರೆ ಫೋಕಸ್ ಬಿದ್ದಿರುವುದು ದೋಸೆಯ ಅಂಚಿನ ಮೇಲೆ, ನನ್ನ ಮುಖ ಸ್ವಲ್ಪ ಮಸುಕು. ಸಾಬೂನು ಡಬ್ಬಿ ನನಗೆ ತೋರಿಸಿದ ದಯೆ ಅದು. ದೋಸೆ ಪಾಸು, ನಾನು ಕೆಂಪು ಡಬ್ಬ. ಅವ್ವ ಬಂದು ನೋಡಿ, "ಮನ್ಯಾಗ ನನ್ನ ರೊಟ್ಟಿ ತಿನ್ನೂವಾಗ ಒಂದಿನಾನೂ ಈ ಮಾರಿ ಮಾಡಿಲ್ಲ ನೋಡ್ರಿ ಇಂವಾ" ಎಂದು ಶೆಟ್ರಿಗೇ ದೂರು ಕೊಟ್ಟಳು. ಕ್ಯಾಂಟೀನಿನಲ್ಲಿ ಈಗ ಕಾರ್ತಿಕ ನನ್ನನ್ನು ಮಾಡಿ ತೋರಿಸುತ್ತಾನೆ, ಜನ ಟೇಬಲ್ ಬಡಿಯುತ್ತಾರೆ. ಹೋಟೆಲಿಗೆ ಜನ ಬರುತ್ತಿದ್ದಾರೆ, ಅದು ಸಂತೋಷ. ಆದರೆ ಬೋರ್ಡಿನಲ್ಲಿ ದೋಸೆಯ ಹೆಸರಿಲ್ಲವಲ್ಲ, ಹೊಸಬರು ಗಲ್ಲಾದ ಮುಂದೆ ನಿಂತು ಮೇಲೆ ಬೆರಳು ತೋರಿಸಿ, ಕಣ್ಣು ಮುಚ್ಚಿ ಬಾಯಿ ತೆರೆಯುತ್ತಾರೆ. ಶೆಟ್ರು ಒಳಗೆ ಕೂಗುತ್ತಾರೆ: "ಒಂದು ಸಂಜೀವ!"

ಹೋದ ಗುರುವಾರ ನಾನೂ ಹೋಗಿ ಕೂತೆ. ಶೆಟ್ರ ಊರಿನಿಂದ ಹೊಸದಾಗಿ ಬಂದ, ತಲೆ ನರೆತ ಸಪ್ಲಾಯರರೊಬ್ಬರು ನೀರಿಟ್ಟು ಏನು ಬೇಕೆಂದು ಕೇಳಿದರು. ಪೇಪರ್ ದೋಸೆ ಎಂದೆ. ಅವರಿಗೆ ನನ್ನ ಗುರುತಾಗಲಿಲ್ಲ. "ಯಾವುದು, ಇದಾ?" ಎಂದು ಖಾತ್ರಿ ಮಾಡಿಕೊಳ್ಳಲು ಕಣ್ಣು ಮುಚ್ಚಿದರು, ಬಾಯಿ ತೆರೆದರು, ಮೂಗಿನ ಹೊಳ್ಳೆಯನ್ನೂ ಚೂರು ಅರಳಿಸಿದರು. ಮೂಗಿನ ಹೊಳ್ಳೆ! ಅದು ಬೋರ್ಡಿನಲ್ಲಿ ಇದೆಯೆಂದು ನಾನೇ ಗಮನಿಸಿರಲಿಲ್ಲ. "ಹೌದು, ಅದೇ" ಎಂದು ತಲೆ ತಗ್ಗಿಸಿ ನೀರು ಕುಡಿದೆ. ಇಷ್ಟು ವರ್ಷ ಅಣಕ ಮಾಡಿದ ಅನುಭವದಿಂದ ಹೇಳುತ್ತೇನೆ, ಅವರು ಮಾಡಿದ್ದರಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ.