ಐದನೆಯ ನಂಬರು

ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಮ್ಯಾನೇಜರ ಮೇಜಿನ ಫೋನು ಬಡಿದುಕೊಂಡಿತು. ಪಾರ್ಸೆಲ್ ಕಚೇರಿಯ ಅಷ್ಟೂ ಜನ, ತಲೆ ಎತ್ತದೆ, ಕಣ್ಣನ್ನು ಮಾತ್ರ ಗುಮಾಸ್ತನ ಕಡೆಗೆ ಹೊರಳಿಸಿದರು.

ಗುಮಾಸ್ತ ಕಿಟಕಿ ಪಕ್ಕದ ತನ್ನ ಕುರ್ಚಿಯಿಂದ ಎದ್ದ. ಮೂಟೆಗಳನ್ನು ದಾಟಿ, ತೂಕದ ಯಂತ್ರವನ್ನು ಬಳಸಿಕೊಂಡು ಬಂದು, ಮ್ಯಾನೇಜರು ಸತ್ತ ಇಲಿಯ ಬಾಲ ಹಿಡಿದ ಹಾಗೆ ಎರಡೇ ಬೆರಳಲ್ಲಿ ಹಿಡಿದಿದ್ದ ರಿಸೀವರನ್ನು ಈಸಿಕೊಂಡ.

“ಪುಟ್ಟೂ, ಲೈನ್ ಸರಿಯಾಗಿದೆ,” ಎಂದರು ಆ ಕಡೆಯಿಂದ ಅವನ ಸೋದರತ್ತೆ. ಅವನು ಸೀನಿದ. “ನಿಂಗೆ ಮೂಗು ಕಟ್ಟಿದೆ. ಇನ್ನೂ ಕಿಟಕಿ ಹತ್ರಾನೇ ಕೂತಿದ್ದೀಯಾ? ಸರಿ, ಇಡ್ತೀನಿ.”

ಇಷ್ಟೇ ಸಮಾಚಾರ. ಇಷ್ಟಕ್ಕಾಗಿ ನಲವತ್ತಾರು ವರ್ಷದ ಪುಟ್ಟು ದಿನಕ್ಕೆ ಮೂರು ಸಲ ಕಚೇರಿಯ ಆ ತುದಿಯಿಂದ ಈ ತುದಿಗೆ ಮೆರವಣಿಗೆ ಹೊರಡಬೇಕು.

ಅತ್ತೆ ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವರು. ತಮ್ಮ ಬೋರ್ಡಿನಲ್ಲಿರುವ ಲೈನುಗಳನ್ನು ಹೊತ್ತು ಹೊತ್ತಿಗೆ ಪರೀಕ್ಷಿಸಿ, ಸರಿಯಾಗಿದೆ ಎಂದು ಹೇಳಿ ಇಡುವುದು ಅವರ ಕೆಲಸದ ಕ್ರಮ. ಕೆಲಸ ಹೋಗಿ ಹದಿನೈದು ವರ್ಷವಾಯಿತು, ಕ್ರಮ ಹೋಗಲಿಲ್ಲ. ಅವರ ಪಾಲಿಗೆ ಉಳಿದದ್ದು ಒಂದೇ ಲೈನು, ಮನೆಯ ಫೋನಿನಿಂದ ಅಣ್ಣನ ಮಗನ ಕಚೇರಿಯ ಫೋನಿಗೆ. ಹತ್ತಕ್ಕೊಮ್ಮೆ, ಒಂದಕ್ಕೊಮ್ಮೆ, ನಾಲ್ಕಕ್ಕೊಮ್ಮೆ. ನನ್ನ ಮೊಬೈಲಿಗಾದರೂ ಮಾಡಿ ಅತ್ತೆ ಎಂದು ಗುಮಾಸ್ತ ಅಂಗಲಾಚಿದ್ದ. ನೀನು ಬಸ್ಸಲ್ಲಿರ್ತೀಯೋ ಬಚ್ಚಲಲ್ಲಿರ್ತೀಯೋ, ಅದೂ ಒಂದು ಲೈನಾ ಎಂದು ಅವರು ತಳ್ಳಿಹಾಕಿದ್ದರು.

ಅಂದು ಒಂದು ಗಂಟೆಯ ಕರೆಗೆ ಮ್ಯಾನೇಜರ ತಾಳ್ಮೆ ಕಡಿದುಹೋಯಿತು. ಅವರ ಫೋನು ಮೂರು ವರ್ಷದಿಂದ ಗೊರಗೊರ ಎನ್ನುತ್ತಿತ್ತು. ಲೈನ್‌ಮನ್‌ಗಳು ಬಂದರು, ಕಂಬ ಹತ್ತಿದರು, ಇಳಿದರು, ಗೊರಗೊರ ಹಾಗೇ ಇತ್ತು. ನಾಲ್ಕು ಗಂಟೆಯ ಹೊತ್ತಿಗೆ ಹೆಡ್ ಆಫೀಸಿನಿಂದ ಕರೆ ಬರುತ್ತದೆ, ಆಗಲೇ ಅತ್ತೆಯದೂ ಬರುತ್ತದೆ.

“ನೋಡ್ರೀ, ಇವತ್ತು ನಾಲ್ಕು ಗಂಟೆಗೆ ನಿಮ್ಮತ್ತೆ ಫೋನ್ ಈ ಟೇಬಲ್ಲಿಗೆ ಬಂತೋ, ನೀವು ರೆಕಾರ್ಡ್ ರೂಮಿಗೆ,” ಎಂದರು ಮ್ಯಾನೇಜರು. “ಅರ್ಧ ದಿನ ರಜೆ ಕೊಡ್ತೀನಿ. ಹೋಗಿ ಅವರಿಗೊಂದು ಮೊಬೈಲ್ ಕೊಡಿಸಿ.”

ಆ ಕಿಟಕಿಯ ಪಕ್ಕದ ಜಾಗಕ್ಕಾಗಿ ಗುಮಾಸ್ತ ಹನ್ನೊಂದು ವರ್ಷ ಕಾದಿದ್ದ. ಅಲ್ಲಿ ಗಾಳಿ ಬರುತ್ತದೆ, ಬೀದಿ ಕಾಣುತ್ತದೆ, ತಾನೂ ಮನುಷ್ಯ ಅನ್ನಿಸುತ್ತದೆ. ರೆಕಾರ್ಡ್ ರೂಮಿನಲ್ಲಿ ಇಪ್ಪತ್ತು ವರ್ಷದ ರಸೀದಿಗಳು, ಒಂದು ಬಲ್ಬು ಮತ್ತು ಧೂಳು. ತಪ್ಪು ಮಾಡಿದ್ದು ಯಾರು, ಜಾಗ ಹೋಗುವುದು ಯಾರದು! ನ್ಯಾಯ ಎನ್ನುವುದು ಈ ಕಚೇರಿಯ ಹೊಸ್ತಿಲನ್ನೇ ತುಳಿದಿಲ್ಲ ಎಂದು ಕುದಿಯುತ್ತ ಹೊರಬಿದ್ದ.

ಹೊರಬೀಳುವ ಮುನ್ನ ಟೈಪಿಸ್ಟು ಕರೆದು, ವಯಸ್ಸಾದವರಿಗೆ ಪರದೆ ದೊಡ್ಡದಿರಬೇಕು ಎಂದಳು. ಕ್ಯಾಷಿಯರು ಅಡ್ಡ ಬಂದು, ಪರದೆಯೇ ಇರಬಾರದು ಎಂದರು. ಇಬ್ಬರಿಗೂ ತಮ್ಮ ಮನೆಯ ಹಿರಿಯರಿಗೆ ಫೋನು ಕೊಡಿಸಿ ಗೊತ್ತಿರಲಿಲ್ಲ, ಆದರೆ ಸಲಹೆಗೆ ಅದೇನೂ ಅಡ್ಡಿಯಾಗಲಿಲ್ಲ.

ಅಂಗಡಿಯ ಬಾಗಿಲಲ್ಲೇ ಎದುರುಮನೆಯ ಡ್ರಿಲ್ ಮೇಷ್ಟ್ರು ಸಿಕ್ಕಿಬಿದ್ದರು. ನಿವೃತ್ತರಾದ ಮೇಲೆ ಅವರಿಗೆ ಡ್ರಿಲ್ ಮಾಡಿಸಲು ಮಕ್ಕಳಿಲ್ಲ, ಆದ್ದರಿಂದ ಬೀದಿಯವರಿಗೆ ಮಾಡಿಸುತ್ತಾರೆ. ವಿಷಯ ಕೇಳಿ, ನೀನು ಸುಮ್ಮನಿರು, ಮಾತು ನನಗೆ ಬಿಡು ಎಂದು ಒಳಗೆ ನುಗ್ಗಿದರು.

ಅಂಗಡಿಯವನು ಮೊದಲು ತೋರಿಸಿದ ಫೋನಿಗೆ ಮೂರು ಕ್ಯಾಮೆರಾ ಇದ್ದವು. ಬೇಡವೆಂದರೆ ನಾಲ್ಕಿರುವುದನ್ನು ತೆಗೆದ. ಗುಮಾಸ್ತ ಹಲ್ಲು ಕಚ್ಚಿ, ಒತ್ತಿದರೆ ಹೋಗಬೇಕು, ಬಂದರೆ ಕೇಳಬೇಕು, ಬೇರೇನೂ ಬೇಡ ಎಂದ. ಅಂಗಡಿಯವನ ಮುಖ ಸಣ್ಣಗಾಯಿತು. ಅಂಥದ್ದನ್ನು ಯಾರೂ ಕೇಳುವುದಿಲ್ಲ ಸಾರ್ ಎನ್ನುತ್ತ ಕೆಳಗಿನ ಕಪಾಟಿನಿಂದ ಧೂಳು ಹಿಡಿದ ಡಬ್ಬಿಯೊಂದನ್ನು ಎಳೆದ. ಬಟನ್ನುಗಳು ಒಂದೊಂದೂ ಕೋಟಿನ ಗುಂಡಿಯಷ್ಟು ದೊಡ್ಡವು. ಹಿಂಬದಿಯಲ್ಲಿ ಒಂದು ಕೆಂಪು ಗುಂಡಿ. ಅಪಾಯವಾದಾಗ ಅದನ್ನು ಒತ್ತಿದರೆ ಐದು ನಂಬರುಗಳಿಗೆ ಒಂದಾದ ಮೇಲೊಂದರಂತೆ ಕರೆ ಹೋಗುತ್ತದೆ, ಯಾರಾದರೂ ಎತ್ತುವ ತನಕ.

“ನನ್ನ ನಂಬರ್ ಒಂದೇ ಹಾಕಪ್ಪಾ, ಸಾಕು,” ಎಂದ ಗುಮಾಸ್ತ.

ಸಾಕಾಗುವುದಿಲ್ಲವಂತೆ. ಐದೂ ತುಂಬುವ ತನಕ ಫೋನು ನಿಮಿಷಕ್ಕೊಮ್ಮೆ ಕಿರುಚುತ್ತದಂತೆ. ಹಾಗೆಂದು ಅಂಗಡಿಯವನು ಹೇಳುವಷ್ಟರಲ್ಲಿ ಅದು ಕಿರುಚಿತು, ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸರಳವಾದ ವಸ್ತುವನ್ನು ಮಾಡಲು ಕೂತವರಿಗೂ ಅದನ್ನು ಸರಳವಾಗಿ ಬಿಡಲು ಮನಸ್ಸು ಬರುವುದಿಲ್ಲವಲ್ಲ ಎಂದು ಗುಮಾಸ್ತನಿಗೆ ಮೈಯೆಲ್ಲ ಉರಿಯಿತು. ಮೊದಲನೆಯದು ಅವನದು, ಎರಡನೆಯದು ಕೆಲಸಕ್ಕೆ ಹೋಗುವ ಹೆಂಡತಿಯದು. ಮೂರನೆಯದು ಮೇಷ್ಟ್ರದು, ಎರಡನೆಯ ಸ್ಥಾನವೇ ಬೇಕೆಂದು ಅವರು ಹತ್ತು ನಿಮಿಷ ವಾದಿಸಿ ಸೋತರು. ನಾಲ್ಕನೆಯದು ಬೀದಿಯ ಔಷಧಿ ಅಂಗಡಿಯದು, ಅದನ್ನೂ ಮೇಷ್ಟ್ರೇ ಹೇಳಿದರು. ಐದನೆಯದು ಯಾರದೆಂದು ಹೊಳೆಯಲಿಲ್ಲ. ಫೋನು ಮತ್ತೆ ಕಿರುಚಿತು. ಗಡಿಯಾರ ಎರಡೂವರೆ ತೋರಿಸುತ್ತಿತ್ತು.

ಗುಮಾಸ್ತನಿಗೆ ಬಾಯಿಪಾಠವಿದ್ದ ನಂಬರು ಇನ್ನೊಂದೇ ಇತ್ತು. ಕಚೇರಿಯದು. ಕೆಂಪು ಗುಂಡಿ ಒತ್ತುವ ಪ್ರಸಂಗ ಬರುವುದೇ ಅಪರೂಪ, ಬಂದರೂ ಮೊದಲ ನಾಲ್ವರಲ್ಲಿ ಒಬ್ಬರಾದರೂ ಎತ್ತದಿರುತ್ತಾರೆಯೇ ಎಂದು ಲೆಕ್ಕ ಹಾಕಿ ಅದನ್ನೇ ಹೇಳಿಬಿಟ್ಟ. ಫೋನು ಸುಮ್ಮನಾಯಿತು. ಅಂಗಡಿಯವನು ಐದೂ ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಚೀಟಿಯ ಮೇಲೆ ಬರೆದು ಡಬ್ಬಿಗೆ ಅಂಟಿಸಿಕೊಟ್ಟ.

ಮನೆಯಲ್ಲಿ ಅತ್ತೆ ಫೋನನ್ನು ಅಂಗೈಲಿಟ್ಟು ತೂಗಿ ನೋಡಿದರು. ಗುಮಾಸ್ತ ಅಷ್ಟರಲ್ಲಿ ಕಪಾಟಿನ ಕೆಳಗೆ ನುಸುಳಿ, ಹಳೆಯ ಫೋನಿನ ತಂತಿಯನ್ನು ಕಿತ್ತು ಸುತ್ತಿ ಜೇಬಿಗೆ ತುರುಕುತ್ತಿದ್ದ. ಹಳೇ ಲೈನು ಕೆಟ್ಟಿದೆಯೆಂದೂ ಇನ್ನು ಮೇಲೆ ಈ ಫೋನಿನಿಂದ ತನ್ನ ಮೊಬೈಲಿಗೇ ಮಾಡಬೇಕೆಂದೂ ಅಲ್ಲಿಂದಲೇ ಕೂಗಿ ಹೇಳಿದ. ಅತ್ತೆ ಕನ್ನಡಕ ಏರಿಸಿ ಡಬ್ಬಿಯ ಚೀಟಿಯನ್ನು ಓದುತ್ತಿದ್ದರು.

“ಬೋರ್ಡಲ್ಲಿ ಐದು ಲೈನಾ?” ಎಂದರು. ಅವರ ದನಿಯಲ್ಲಿ ಹದಿನೈದು ವರ್ಷದಿಂದ ಇಲ್ಲದ ಹುರುಪಿತ್ತು. ಕಪಾಟಿನ ಕೆಳಗಿದ್ದವನಿಗೆ ಅದು ಸರಿಯಾಗಿ ಕೇಳಿಸಲಿಲ್ಲ, ಹೂಂ ಹೂಂ ಎಂದು ಹೊರಟುಬಿಟ್ಟ.

ರಜೆಯಿದ್ದರೂ ತನ್ನ ಗೆಲುವನ್ನು ಕಣ್ಣಾರೆ ನೋಡಲು, ನಾಲ್ಕಕ್ಕೆ ಐದು ನಿಮಿಷವಿರುವಾಗ ಅವನು ಕಚೇರಿಗೆ ಬಂದು ಕಿಟಕಿ ಪಕ್ಕದಲ್ಲಿ ಕೂತಿದ್ದ. ನಾಲ್ಕು ಹೊಡೆಯಿತು. ಮ್ಯಾನೇಜರ ಫೋನು ಮೌನವಾಗಿತ್ತು. ಜೇಬಿನಲ್ಲಿ ಮೊಬೈಲು ಕುಣಿಯಿತು.

“ಪುಟ್ಟೂ, ಲೈನ್ ಸರಿಯಾಗಿದೆ. ಇಡ್ತೀನಿ.”

ಗುಮಾಸ್ತನಿಗೆ ಆನಂದದಿಂದ ಕಣ್ಣು ತುಂಬಿತು. ಎದೆ ಮುಂದೆ ಮಾಡಿ ಟೈಪಿಸ್ಟಳ ಕಡೆಗೂ ಕ್ಯಾಷಿಯರ ಕಡೆಗೂ ನೋಡಿದ. ಅಷ್ಟರಲ್ಲಿ ಮೊಬೈಲು ಮತ್ತೆ ಕುಣಿಯಿತು. ಹೆಂಡತಿ. ಅತ್ತೆ ಈಗಷ್ಟೇ ಫೋನ್ ಮಾಡಿ ಲೈನ್ ಸರಿಯಾಗಿದೆ ಎಂದು ಇಟ್ಟುಬಿಟ್ಟರು, ಏನಿದು ಎಂದು ಕೇಳಿದಳು. ಅವಳು ಇಟ್ಟ ಕೂಡಲೇ ಡ್ರಿಲ್ ಮೇಷ್ಟ್ರು. ನಿಮ್ಮತ್ತೆ ಈಗ ನನ್ನ ಹಾಜರಿ ತೆಗೆದುಕೊಂಡರು, ಶಿಸ್ತು ಅಂದರೆ ಇದು ಎಂದು ಹೊಗಳಿದರು.

ಗುಮಾಸ್ತ ಬೆರಳು ಮಡಚಿದ. ಒಂದು, ಎರಡು, ಮೂರು. ಈ ಹೊತ್ತಿಗೆ ಔಷಧಿ ಅಂಗಡಿಯೂ ಆಗಿರಬೇಕು. ಬೋರ್ಡಿಗೆ ಬಂದ ಲೈನನ್ನು ಅತ್ತೆ ಪರೀಕ್ಷಿಸದೆ ಬಿಟ್ಟ ಚರಿತ್ರೆಯೇ ಇಲ್ಲ. ಎದ್ದು ಮ್ಯಾನೇಜರ ಮೇಜಿನತ್ತ ಓಡಿದ, ಮೂಟೆ ಎಡವಿ ತೂಕದ ಯಂತ್ರದ ಮೇಲೆ ಬಿದ್ದ. ಮುಳ್ಳು ಅರವತ್ತೆಂಟು ಕಿಲೋ ತೋರಿಸುತ್ತಿರುವಾಗಲೇ ಫೋನು ಬಡಿದುಕೊಂಡಿತು, ಮ್ಯಾನೇಜರು ಎತ್ತಿಬಿಟ್ಟರು.

ಲೈನ್ ಸರಿಯಾಗಿದೆ ಎಂಬಷ್ಟಕ್ಕೇ ಮಾತು ಮುಗಿಯಬೇಕಿತ್ತು. ಮುಗಿಯಲಿಲ್ಲ. ಮ್ಯಾನೇಜರು ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಹೌದಮ್ಮಾ ಎಂದರು, ಆಮೇಲೆ ರಿಸೀವರನ್ನು ಹಿಡಿದುಕೊಂಡೇ ಮೇಜಿನ ಕೆಳಗೆ ಇಳಿದು ಮಾಯವಾದರು. ಮೇಜು ಒಮ್ಮೆ ಅಲುಗಿತು. ಮೇಲೆ ಬಂದಾಗ ಅವರ ತಲೆಯಲ್ಲಿ ಜೇಡರ ಬಲೆಯೂ ಮುಖದಲ್ಲಿ ನಗೆಯೂ ಇದ್ದವು. ಮೂರು ವರ್ಷದಿಂದ ಮೇಜಿನ ಕಾಲು ತಂತಿಯನ್ನು ಮೆಟ್ಟಿಕೊಂಡು ನಿಂತಿತ್ತಂತೆ. ಗೊರಗೊರ ಕೇಳಿಯೇ ಅತ್ತೆ ಅದನ್ನು ಕಂಡುಹಿಡಿದಿದ್ದರು. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದರೆ, ಲೈನ್ ಸರಿಯಾಗಿದೆ, ಆದರೆ ಎನ್ನುವಷ್ಟರಲ್ಲಿ ಗುಮಾಸ್ತನ ಸೀನು ಅಡ್ಡ ಬರುತ್ತಿತ್ತಂತೆ.

“ಎಂಥಾ ಹೆಂಗಸ್ರೀ ಅವರು,” ಎಂದರು ಮ್ಯಾನೇಜರು. “ಮೂರು ಹೊತ್ತೂ ನನಗೇ ಫೋನ್ ಮಾಡೀಮ್ಮಾ ಅಂದಿದ್ದೀನಿ.”

ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ನನ್ನ ಜಾಗ ಸಾರ್ ಎಂದು ಮೆಲ್ಲಗೆ ಕೇಳಿದ.

“ಅದೇ ಹೇಳ್ತಾ ಇದ್ದೆ. ಇಷ್ಟು ದೊಡ್ಡ ಉಪಕಾರ ಮಾಡಿ ಅವರು ಕೇಳಿಕೊಂಡಿದ್ದು ಒಂದೇ. ನಮ್ಮ ಹುಡುಗನಿಗೆ ಗಾಳಿ ಆಗಲ್ಲ, ಗಾಳಿ ಬೀಳದ ಕಡೆ ಕೂರಿಸಿ ಅಂತ. ಇಲ್ಲ ಅನ್ನೋಕಾಗುತ್ತೇನ್ರೀ?” ಎಂದು ಮ್ಯಾನೇಜರು ಡ್ರಾಯರಿನಿಂದ ರೆಕಾರ್ಡ್ ರೂಮಿನ ಬೀಗದ ಕೈ ತೆಗೆದು ಪ್ರೀತಿಯಿಂದ ಅವನ ಅಂಗೈಗಿಟ್ಟರು.

ಟೈಪಿಸ್ಟು ಆಗಲೇ ತನ್ನ ಕುರ್ಚಿಯನ್ನು ಕಿಟಕಿಯ ಕಡೆಗೆ ಎಳೆಯುತ್ತಿದ್ದಳು. ಗುಮಾಸ್ತ ರೆಕಾರ್ಡ್ ರೂಮಿನ ಬಾಗಿಲು ತೆರೆದು, ಬಲ್ಬು ಹಾಕಿ, ಇಪ್ಪತ್ತು ವರ್ಷದ ರಸೀದಿಗಳ ನಡುವೆ ಸಿಟ್ಟಿನಿಂದ ಕೂತ. ಕೂತ ರಭಸಕ್ಕೆ ಧೂಳೆದ್ದಿತು. ಮೊಬೈಲು ಕುಣಿಯಿತು.

“ಪುಟ್ಟೂ, ಐದು ಲೈನೂ ಸರಿಯಾಗಿದೆ,” ಎಂದರು ಅತ್ತೆ.

ಹೇಳಬೇಕಾದದ್ದು ಅವನಿಗೆ ಬಹಳವಿತ್ತು. ಬಾಯಿ ತೆರೆದ, ಸೀನು ಬಂತು. ಮತ್ತೊಂದು ಬಂತು. ಏಳು ಬಂದವು.

“ಇನ್ನೂ ಆ ಕಿಟಕಿ ಹತ್ರಾನೇ ಕೂತಿದ್ದೀಯಾ?” ಎಂದರು ಅತ್ತೆ. “ಇರು, ಐದನೇ ನಂಬರಿಗೆ ಇನ್ನೊಂದ್ಸಲ ಮಾಡ್ತೀನಿ.”