ಬಾರದ ನೀರನ್ನೂ ಅಳೆದ ಮೀಟರ್ ಸಾಹೇಬರಿಗೆ

ಸುರಪುರ ತಾಲ್ಲೂಕಿನ ನಮ್ಮೂರ ನೀರಿನ ಟ್ಯಾಂಕಿನ ಕೆಳಗೆ, ದಪ್ಪ ಪೈಪನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತಿರುವ ಅಲ್ಟ್ರಾಸಾನಿಕ್ ಮೀಟರ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ಪುಣೆಯಲ್ಲಿ ಟೈಲ್ಸ್ ಕೂಡಿಸುವ ಮರಿಲಿಂಗ ಮಾಡುವ ಶರಣು. ಕೈ ತುಂಬ ಸಿಮೆಂಟ್ ಇರುವುದರಿಂದ ಈ ಪತ್ರವನ್ನು ಮೊಬೈಲಿಗೆ ಬಾಯಲ್ಲೇ ಹೇಳುತ್ತಿದ್ದೇನೆ; ನಡುವೆ ಕಟಿಂಗ್ ಮಷೀನು ಕಿರುಚಿದರೆ ಅದನ್ನು ನನ್ನ ಸಿಟ್ಟೆಂದು ತಿಳಿಯಬಾರದು.

ಪೈಪು ಕೊರೆಯದೆ, ಒಂದು ಹನಿಯನ್ನೂ ಮುಟ್ಟದೆ, ಕಿವಿಗೆ ಕೇಳದ ಶಬ್ದವನ್ನು ಒಳಗೆ ಕಳಿಸಿ ನೀರಿನ ಓಟ ಅಳೆಯುವ ತಮ್ಮ ವಿದ್ಯೆಗೆ ಊರೇ ಬೆರಗಾಗಿತ್ತು. ಈಗ ತಾವು ಅದನ್ನೂ ಮೀರಿಸಿದ್ದೀರಿ. ಮೋಟಾರು ಸುಟ್ಟು ಎಂಟು ದಿನವಾಗಿ, ನಮ್ಮ ನಲ್ಲಿಯಲ್ಲಿ ಹಲ್ಲಿ ಸಂಸಾರ ಹೂಡಿದ್ದರೂ, ತಾಸಿಗೆ ಹದಿನೆಂಟು ಸಾವಿರ ಲೀಟರ್ ಹರಿಯುತ್ತಿದೆ ಎಂದು ಯಾದಗಿರಿಯ ಕಚೇರಿಗೆ ತಪ್ಪದೆ ತಿಳಿಸುತ್ತಿದ್ದೀರಿ. ಟ್ಯಾಂಕರ್ ಕೇಳಲು ಹೋದ ನಮ್ಮಪ್ಪ ಅಯ್ಯಣ್ಣನಿಗೆ ಅಲ್ಲಿಯವರು ತಾವು ಕಳಿಸಿದ ಅಂಕಿ ತೋರಿಸಿ, "ಇಷ್ಟು ನೀರು ಬರಾಕತ್ತದ, ಮ್ಯಾಲ ಟ್ಯಾಂಕರ್ ಬ್ಯಾರೆ ಬೇಕೇನ್ರಿ? ಊರಮಂದಿ ಈಜ್ತೀರೇನು?" ಎಂದರಂತೆ. ಅಪ್ಪ ಖಾಲಿ ಕೊಡ ಬೋರಲು ಹಾಕಿ ತೋರಿಸಿದರೆ, "ಕೊಡದಾಗ ರೀಡಿಂಗ್ ಬರಂಗಿಲ್ರಿ" ಎಂದರಂತೆ.

ಬರುವ ಶುಕ್ರವಾರ ತಂಗಿ ದುರ್ಗಾಳ ಕೂಸಿಗೆ ತೊಟ್ಟಿಲ ಶಾಸ್ತ್ರ. ಸೋದರಮಾವನಾದ ನಾನು ತೊಟ್ಟಿಲು ಹೊತ್ತುಕೊಂಡು ರೈಲು ಹತ್ತುತ್ತೇನೆ. ಬೀಗರ ಕಡೆಯಿಂದ ನೂರು ಮಂದಿ ಬರುತ್ತಾರೆ. ಬಂದವರು ಕಾಲಿಗೆ ನೀರು ಕೇಳಿದರೆ ತಮ್ಮ ಅಂಕಿಯನ್ನು ತಂಬಿಗೆಗೆ ತುಂಬಿ ಕೊಡುವುದು ಹೇಗೆ? ಆದ್ದರಿಂದ ತಾವೇ ಚಿತ್ತೈಸಿ, ಈ ಎಂಟು ದಿನ ಹರಿಸಿದ ನೀರಿನಲ್ಲಿ ಹತ್ತು ಕೊಡ ಮಾತ್ರ ತರಬೇಕು. ಮಿಕ್ಕಿದ್ದನ್ನು ನಾರಾಯಣಪುರದ ಡ್ಯಾಮಿಗೆ ಬಿಟ್ಟುಬಿಡಿ, ಶಹಾಪುರದ ಭತ್ತಕ್ಕಾದರೂ ಆದೀತು.

ತಪ್ಪು ನಮ್ಮದೂ ಇದೆ. ಹೋದ ಅಮಾವಾಸ್ಯೆಗೆ ಊರಿನ ಬೈಕು, ಟ್ರ್ಯಾಕ್ಟರುಗಳಿಗೆಲ್ಲ ಪೂಜೆಯಾಗುವಾಗ ನಮ್ಮವ್ವ ಹನುಮಮ್ಮ, "ಇದೂ ಮಷೀನೇ, ಹಗಲೂ ರಾತ್ರಿ ದುಡೀತದ ಪಾಪ" ಎಂದು ತಮ್ಮ ಬಳಿಗೂ ಬಂದಳು. ಶಬ್ದ ದಾಟಲೆಂದು ತಮ್ಮ ಅಂಗೈಗೂ ಪೈಪಿಗೂ ನಡುವೆ ಹಚ್ಚಿದ್ದ ಜೆಲ್ ನೋಡಿ, "ಯಾವ ಭಾಡ್ಯಾ ಹಿಂಗ ಹೊಲಸ ಬಳದಾನ" ಎಂದು ಬೈದು, ಹುಣಸೆಹಣ್ಣಿನಿಂದ ಫಳಫಳ ತಿಕ್ಕಿ, ಆ ಜಾಗಕ್ಕೆ ವಿಭೂತಿ ಹಚ್ಚಿದಳು. ಆಗ ನೀರು ಭರ್ಜರಿ ಓಡುತ್ತಿತ್ತು. ಕಿವುಡಾದ ತಾವು, ಕೊನೆಗೆ ಕೇಳಿದ ಆ ಅಂಕಿಯನ್ನೇ ಗಟ್ಟಿಯಾಗಿ ಹಿಡಿದು ಕೂತಿರಿ. ಇಂಥ ನಿಷ್ಠೆ ಮನುಷ್ಯರಲ್ಲಿ ಎಲ್ಲಿದೆ, ಸಾಹೇಬರೇ?

ತಮ್ಮ ವಿಶ್ವಾಸಿ, ಹಾಗೂ ತಮ್ಮ ಲೆಕ್ಕದಲ್ಲಿ ಕುತ್ತಿಗೆಮಟ ನೀರಲ್ಲಿ ನಿಂತಿರುವವರ ಮಗ,
ಮರಿಲಿಂಗ

ತಾಜಾ ಕಲಂ: ಲೈನ್‌ಮನ್ ನಬಿಸಾಬ ಬುಧವಾರ ಬಂದು ಹೊಸ ಜೆಲ್ ಹಚ್ಚುತ್ತಾನಂತೆ. ನೀರು ಓಡುತ್ತಿಲ್ಲವೆಂದು ತಾವು ಸೊನ್ನೆ ತೋರಿಸಿದ ಮರುದಿನವೇ ಟ್ಯಾಂಕರ್ ಬರುತ್ತದೆ. ಮುಂದೆ ಮೋಟಾರು ರಿಪೇರಿಯಾಗಿ ತಾವು ಮತ್ತೆ ಅಂಕಿ ತೋರಿಸಿದರೆ ಟ್ಯಾಂಕರ್ ನಿಂತುಹೋಗುತ್ತದೆ. ಇದನ್ನು ಹೇಳಿದ್ದಕ್ಕೆ ಅವ್ವ ಫೋನಿನಲ್ಲಿ, "ಸೊನ್ನಿ ಇದ್ದಾಗ ತಿಕ್ಕಿ ತೊಳದ್ರ ಸೊನ್ನಿನೇ ನಿಂದರ್ತದೇನೋ, ಮರಿಲಿಂಗ?" ಎಂದು ಕೇಳಿದಳು. ಪಕ್ಕದ ಮನೆಯಿಂದ ಒಂದು ಲೋಟ ನೀರು ಕೇಳಿ ತಂದು ಈಗಾಗಲೇ ಹುಣಸೆಹಣ್ಣು ನೆನೆಹಾಕಿದ್ದಾಳೆ.