ಮಗಳ ವಕೀಲಿ, ನನ್ನ ಬೇಲಿ

ನನ್ನ ಮಗಳು ಶೈಲಾ ಕಾನೂನು ಪದವಿ ಮುಗಿಸಿ ಬಂದಾಗ, ನಮ್ಮ ಮನೆತನದ ಮೊದಲ ವಕೀಲೆಗೆ ತಕ್ಕ ಸಮಾರಂಭವನ್ನು ನಮ್ಮ ಹಿತ್ತಲಲ್ಲೇ ನಡೆಸುವುದೆಂದು ತೀರ್ಮಾನಿಸಿದೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರಿಗೆ ಗೋಣಿಚೀಲ ಮಾರುವವನು ನಾನು. ಸಾವಿರ ಚೀಲ ಒಂದು ಕೋಣೆಯಲ್ಲಿ ಹಿಡಿಸುವವನಿಗೆ ನೂರು ಜನರನ್ನು ಹಿತ್ತಲಲ್ಲಿ ಹಿಡಿಸುವುದು ಯಾವ ಮಹಾ?

"ಚೀಲಾ ಮಡಚಿ ಇಡತೀರಿ. ಮಂದೀನ ಹೆಂಗ ಮಡಚತೀರಿ?" ಎಂದಳು ಹೆಂಡತಿ ಸುಶೀಲಾ.

ನನಗೆ ಕೆಲಸವಿತ್ತು.

ರಾಣೆಬೆನ್ನೂರಿನ ಪೆಂಡಾಲಿನವನಿಗೆ ಮೊಬೈಲಿನಿಂದಲೇ ಫೋನು ಮಾಡಿದೆ. ಅಂಗಡಿಯಲ್ಲಿ ತಂತಿ ಫೋನು ಇತ್ತು, ನಿಜ. ಆದರೆ ಮೊಬೈಲು ಕೊಂಡು ಎಂಟೇ ದಿನವಾಗಿತ್ತು. ಸಿಗ್ನಲ್ಲಿಗಾಗಿ ಮಾಳಿಗೆ ಹತ್ತಿ, "ಹದಿನೆಂಟು ಫೂಟು!" ಎಂದು ಕೂಗಿದೆ. ಊರಿಗೆಲ್ಲ ಕೇಳಿಸಿತು. ರಾಣೆಬೆನ್ನೂರಿಗೆ ಕೇಳಿಸಲಿಲ್ಲ. ಭಾನುವಾರ ಬೆಳಿಗ್ಗೆ ಇಪ್ಪತ್ತೆಂಟು ಅಡಿಯ ಪೆಂಡಾಲು ಬಂತು. ಹಿತ್ತಲು ಇಪ್ಪತ್ತೈದು.

"ಪೆಂಡಾಲ ಸಣ್ಣದ ಮಾಡಾಕ ಬರೂದಿಲ್ರಿ ಸಾವಕಾರ್ರ," ಎಂದ ಪೆಂಡಾಲಿನವನು. "ಹಿತ್ತಲಾ ದೊಡ್ಡದ ಮಾಡ್ರಿ."

ಮಾಡಿದೆ.

ನಮ್ಮ ಹಿತ್ತಲಿಗೂ ಪಕ್ಕದ ಮನೆಯ ದರ್ಜಿ ಮೌಲಾಸಾಬರ ಹಿತ್ತಲಿಗೂ ನಡುವೆ ಇದ್ದದ್ದು ಒಂದು ಬಿದಿರಿನ ಬೇಲಿ. ಅವರ ಮನೆಯವರು ಹಾವೇರಿಗೆ ಹೋಗಿದ್ದರು, ಮೌಲಾಸಾಬರು ತಮ್ಮ ಹೊಲಿಗೆ ಅಂಗಡಿಯಲ್ಲಿದ್ದರು. ಹದಿನೈದು ವರ್ಷದ ನೆರೆ. ಶೈಲಾಳ ಕರಿ ಕೋಟನ್ನು ತಾವೇ ಹೊಲಿದು ಉಡುಗೊರೆ ಕೊಟ್ಟವರು. ಇಂಥವರು ಮೂರಡಿ ಜಾಗಕ್ಕೆ ಬೇಡ ಎನ್ನುತ್ತಾರೆಯೇ? ಬೇಡ ಎನ್ನುವುದಿಲ್ಲವೆಂದ ಮೇಲೆ ಕೇಳುವುದಾದರೂ ಏಕೆ? ಬೇಲಿ ಕಿತ್ತು ಮೂರಡಿ ಆಚೆ ನೆಟ್ಟು ಹೊಸ ಹಗ್ಗದಿಂದ ಬಿಗಿದೆ. ಆ ಮೂರಡಿಯಲ್ಲಿದ್ದ ಅವರ ಪೇರಲ ಗಿಡ ಈಗ ನಮ್ಮ ಪೆಂಡಾಲಿನೊಳಗೆ ಬಂತು. ಬಲೂನು ಕಟ್ಟಿದೆ. ಅಲಂಕಾರವಾಯಿತು!

"ಒಂದ್ ಮಾತು ಕೇಳಬೇಕಿತ್ತು," ಎಂದಳು ಸುಶೀಲಾ.

"ಸಂಜೀಕ ತಿರುಗಿ ಇಡತೇನಲ್ಲ!"

ಮಧ್ಯಾಹ್ನ ನೂರಿಪ್ಪತ್ತು ಜನ ಸೇರಿದರು. ಮೌಲಾಸಾಬರು ಕೊರಳಲ್ಲಿ ಟೇಪಿನ ಸಮೇತ ಅಂಗಡಿಯಿಂದ ನೇರವಾಗಿ ಬಂದರು. ಗಿಡ ನೋಡಿದರು. ಬಲೂನು ನೋಡಿದರು.

"ನಮ್ಮ ಗಿಡಾ ನನಗಿಂತ ಮೊದಲ ಬಂದ ಕುಂತೈತಲ್ರಿ," ಎಂದರು.

ಗಾಬರಿಯಾದಾಗ ಮೈಕು ಹಿಡಿಯುವುದು ನನ್ನ ಹಳೆಯ ಚಾಳಿ. "ಮಾನ್ಯ ಬಂಧುಗಳೇ, ಇಂದು ನನ್ನ ಮಗಳು ಯಾರು ಏನೇ ಕೇಳಿದರೂ ಉಚಿತ ಕಾನೂನು ಸಲಹೆ ನೀಡುವಳು!" ಎಂದು ಘೋಷಿಸಿದೆ. ಚಪ್ಪಾಳೆ ಬಿತ್ತು. ಮೌಲಾಸಾಬರು ಕೈ ಎತ್ತಿದರು.

"ಬೇಟಾ, ಗಿಡಕ್ಕ ಕಾಲಿಲ್ಲ. ಈ ಕಡೆ ಹೆಂಗ ಬಂತು?"

ಶೈಲಾ ಗಿಡ ನೋಡಿದಳು, ಬೇಲಿ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಗಿಡಾ ಬಂದಿಲ್ಲ ಚಾಚಾ. ಬೇಲಿ ಹೋಗೈತಿ. ಅಪ್ಪಾ, ಯಾರು ಸರಿಸಿದ್ರು?"

"ಗಾಳಿ," ಎಂದೆ. ಮೈಕು ಇನ್ನೂ ಚಾಲೂ ಇತ್ತು.

"ಗಾಳಿ ಹೊಸಾ ಹಗ್ಗಾ ತಂದು ಗಂಟ ಹಾಕೇತೇನು?"

ಸಭೆ ನಕ್ಕಿತು. ಮಗಳು ಚೆನ್ನಾಗಿ ಓದಿದ್ದಾಳೆಂದು ನನಗೆ ಖಾತ್ರಿಯಾಯಿತು. ಬೇರೆ ದಿನ ಖಾತ್ರಿಯಾಗಿದ್ದರೂ ನಡೆಯುತ್ತಿತ್ತು.

ಅಲ್ಲಿಗೆ ಒಪ್ಪಿಕೊಂಡಿದ್ದರೆ ಮುಗಿಯುತ್ತಿತ್ತು. ನಾನು, "ಮೂರ ಫೂಟು! ಬೇಕಾದ್ರ ಅಳೀರಿ!" ಎಂದೆ. ಒಬ್ಬ ದರ್ಜಿಗೆ ಹೇಳುವ ಮಾತೇ ಅದು? ಮೌಲಾಸಾಬರು ಕೊರಳಿನ ಟೇಪು ತೆಗೆದರು. ಮಜ್ಜಿಗೆಯ ಡ್ರಮ್ಮು ಸರಿಸಿದಾಗ ಅದರಡಿ ಹಳೆಯ ಗಡಿಕಲ್ಲು ಸಿಕ್ಕಿತು. ವರ್ಷ ವರ್ಷ ಬೇಲಿ ರಿಪೇರಿ ಮಾಡುವಾಗ ನಾಲ್ಕು ನಾಲ್ಕು ಬೆರಳು ಆಚೆ ನೆಡುತ್ತ ಬಂದದ್ದನ್ನು ನಾನು ಮರೆತಿದ್ದೆ. ಕಲ್ಲು ಇದ್ದಲ್ಲೇ ಇತ್ತು. ತಟ್ಟೆ ಹಿಡಿದ ಜನ ಸರಿದು ದಾರಿ ಬಿಟ್ಟರು. ಕಲ್ಲಿನಿಂದ ಬೇಲಿಯತ್ತ ಅಳೆಯುತ್ತ ಹೋದರೆ ಐದಡಿಗೆ ಟೇಪು ಮುಗಿಯಿತು. ನನ್ನ ಒತ್ತುವರಿ ಮುಗಿಯಲಿಲ್ಲ. ಮತ್ತೆ ಹಿಡಿದರು. ಒಟ್ಟು ಏಳಡಿ!

ಹೋಳಿಗೆಯ ಮೇಜು, ಮೈಕು, ನನಗೆಂದು ಹಾಕಿಸಿದ್ದ ಸಿಂಹಾಸನದಂಥ ಕುರ್ಚಿ, ಎಲ್ಲವೂ ಮೌಲಾಸಾಬರ ಹಿತ್ತಲಲ್ಲಿದ್ದವು. ನಗು ನಿಂತಿತು. ಹದಿನೈದು ವರ್ಷದ ಸಲಿಗೆ ಏಳಡಿಯಲ್ಲಿ ಹೋಯಿತೆಂದುಕೊಂಡೆ. ಕೈಯಲ್ಲಿದ್ದ ಮೈಕು ಬಂದ್ ಮಾಡಿ, ಅವರ ಹತ್ತಿರ ಹೋಗಿ, ಮೆಲ್ಲಗೆ, "ತಪ್ಪಾತ್ರಿ, ಮೌಲಾಸಾಬ್ರ," ಎಂದೆ.

ಮೈಕು ಬಂದ್ ಆಗಿರಲಿಲ್ಲ. ನನ್ನ ತಪ್ಪೊಪ್ಪಿಗೆ ನಾಲ್ಕು ಓಣಿಗೆ ಕೇಳಿಸಿತು.

ಮೌಲಾಸಾಬರು ಟೇಪು ಸುತ್ತಿ ಕೊರಳಿಗೆ ಹಾಕಿಕೊಂಡರು. "ಕುಂದ್ರಿ, ಕುಂದ್ರಿ. ನಮ್ಮ ಹಿತ್ತಲಕ್ಕ ಬಂದವ್ರನ್ನ ಉಪವಾಸ ಕಳಸೂದಿಲ್ಲ ನಾವು," ಎಂದು ನನ್ನ ತಟ್ಟೆಗೆ ಎರಡು ಹೋಳಿಗೆ ಹಾಕಿ, ತುಪ್ಪವನ್ನೂ ತಾವೇ ಬಡಿಸಿದರು. ಮಗಳ ಸಮಾರಂಭದಲ್ಲಿ, ನಾನೇ ಮಾಡಿಸಿದ ಹೋಳಿಗೆಯನ್ನು, ಪಕ್ಕದ ಮನೆಯ ಅತಿಥಿಯಾಗಿ ಉಂಡೆ.

ಮರುದಿನ ಬೆಳಿಗ್ಗೆ ಬೇಲಿಯನ್ನು ಗಡಿಕಲ್ಲಿನ ಸಾಲಿಗೆ ನೆಡತೊಡಗಿದೆ. ಶೈಲಾ ಚಹಾ ಕುಡಿಯುತ್ತ ಉಸ್ತುವಾರಿಗೆ ನಿಂತಿದ್ದಳು. ಕೊನೆಯ ಗೂಟ ಹೊಡೆದು, ಬೆವರು ಒರೆಸಿಕೊಂಡು, "ಆತಲ್ರಿ, ವಕೀಲ್ರ?" ಎಂದೆ.

ಅವಳು ಒಂದು ಕಣ್ಣು ಮುಚ್ಚಿ ಸಾಲು ನೋಡಿದಳು.

"ಇನ್ನೊಂದೀಟು ನಮ್ಮ ಕಡೆ ಹಿಂದಕ್ಕ, ಅಪ್ಪಾ."

ಗೂಟ ಕಿತ್ತೆ.